ಶಾಸಕನ ಬೈಗುಳ

"ಗುರುಗಳೇ, ಬಂದವರಿಗೆ ಇಲ್ಲ ಎಂದು ಹೇಳಿ ನೋಯಿಸುವುದಕ್ಕಿಂತ, ಅವರ ಮನಸ್ಸು ತಣಿಸಿ ಕಳಿಸುವುದು ಒಳ್ಳೆಯದಲ್ಲವೆ?"

ಶಿಷ್ಯ ಹೀಗೆ ಕೇಳಿದ್ದಕ್ಕೆ ಕಾರಣವಿತ್ತು. ಮಠಕ್ಕೆ ಬಂದವರನ್ನು ಬಾಗಿಲಲ್ಲಿ ಮಾತಾಡಿಸುವ ಕೆಲಸ ಅವನದು. ಆ ಬೆಳಿಗ್ಗೆ ಒಬ್ಬ ಗಾರೆ ಕೆಲಸದವನು ಮಗನಿಗೆ ಮಠದ ಹಾಸ್ಟೆಲಿನಲ್ಲಿ ಜಾಗ ಕೇಳಿಕೊಂಡು ಬಂದಿದ್ದ. ಹಾಸ್ಟೆಲು ಆಗಲೇ ಭರ್ತಿಯಾಗಿತ್ತು. ಶಿಷ್ಯನಿಗೆ ಅದು ಗೊತ್ತಿತ್ತು. ಆದರೂ "ಗುರುಗಳ ಕಿವಿಗೆ ಹಾಕುತ್ತೇನೆ, ಆಗುತ್ತದೆ, ಹೋಗಿ ಬನ್ನಿ" ಎಂದು ಪ್ರಸಾದ ಕೊಟ್ಟು ಕಳಿಸಿದ್ದ. ಆ ಮನುಷ್ಯ ಹೊಸಿಲಿಗೆ ಹಣೆ ಮುಟ್ಟಿಸಿ ನಗುತ್ತಾ ಹೋದ. ಗುರುಗಳು ಒಳಗಿನಿಂದ ಅದನ್ನು ನೋಡಿದ್ದರು.

ಗುರುಗಳು ಒಳ್ಳೆಯದು ಎನ್ನಲಿಲ್ಲ, ಕೆಟ್ಟದ್ದು ಎನ್ನಲಿಲ್ಲ. ಕುಳಿತುಕೋ ಎಂದರು. ಕತೆ ಶುರುಮಾಡಿದರು.

ಒಂದು ತಾಲ್ಲೂಕಿಗೆ ಒಬ್ಬ ಶಾಸಕನಿದ್ದ. ಅದಕ್ಕೆ ಮೊದಲು ಸೈಕಲ್ ಅಂಗಡಿ ಇಟ್ಟುಕೊಂಡಿದ್ದ. ಮೊದಲ ಸಲ ಗೆದ್ದಾಗ ಅವನು ಒಳ್ಳೆಯವನೇ. ಕೆಟ್ಟವನ ಕತೆ ಕೇಳಿ ಯಾರಿಗೂ ಬುದ್ಧಿ ಬರುವುದಿಲ್ಲ, ಅದಕ್ಕೇ ಒಳ್ಳೆಯವನ ಕತೆ ಹೇಳುತ್ತಿದ್ದೇನೆ. ಬೆಳಗಾದರೆ ಅವನ ಮನೆಯ ಮುಂದೆ ಜನ ಸೇರುತ್ತಿದ್ದರು. ಒಬ್ಬನಿಗೆ ಕರೆಂಟಿನ ಕಂಬ ಬೇಕು, ಒಬ್ಬಳಿಗೆ ವಿಧವಾ ವೇತನ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ವರ್ಗಾವಣೆ ಬೇಕು. ಮಗ ದೂರದಲ್ಲಿದ್ದಾನೆ, ಸೊಸೆ ದೂರದಲ್ಲಿದ್ದಾಳೆ, ಊರ ಹತ್ತಿರ ಹಾಕಿಸಿಕೊಡಿ. ಇರುವುದು ಒಂದು ಜಾಗ, ಕೇಳುವವರು ಹತ್ತು ಜನ. ಅವನು ನಿಜವಾಗಿ ಕಷ್ಟದಲ್ಲಿದ್ದವರನ್ನು ನೋಡಿ ಒಬ್ಬರಿಗೆ ಮಾಡಿಸುತ್ತಿದ್ದ. ಉಳಿದವರಿಗೆ, ಆಗುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ ಎಂದು ಮುಖ ನೋಡಿಯೇ ಹೇಳುತ್ತಿದ್ದ.

ಮುಂದಿನ ಚುನಾವಣೆ ಬಂದಾಗ ಆ ಉಳಿದವರೆಲ್ಲ ಒಂದಾದರು. ಅವನು ಕೂದಲೆಳೆಯ ಅಂತರದಲ್ಲಿ ಗೆದ್ದ. ಕೆಲಸ ಮಾಡಿಸಿಕೊಂಡವನೂ ಅವನ ಪರವಾಗಿ ಓಟು ಕೇಳಲಿಲ್ಲ. ನಿಜ ಹೇಳಿದ್ದಕ್ಕೆ ಹೀಗೆ ಮಾಡಿದರಲ್ಲ ಎಂದು ಅವನಿಗೆ ಬಹಳ ನೋವಾಯಿತು. ಆ ನೋವು ನ್ಯಾಯವಾದದ್ದೇ. ಮನುಷ್ಯ ದಾರಿ ತಪ್ಪುವುದು ಹೆಚ್ಚಾಗಿ ನ್ಯಾಯವಾದ ನೋವಿನಿಂದಲೇ.

ಗೆದ್ದ ಹೊಸತರಲ್ಲಿ ಒಂದು ದಿನ, ಮನೆಯ ಮುಂದೆ ಸೇರಿದ್ದ ಜನರ ಎದುರೇ ಒಬ್ಬ ಅಧಿಕಾರಿಗೆ ಫೋನು ಮಾಡಿ, ಯಾವುದೋ ಕೋಪಕ್ಕೆ ಬಾಯಿಗೆ ಬಂದಂತೆ ಬೈದ. ಅಧಿಕಾರಿ ಹಟಕ್ಕೆ ಬಿದ್ದು ಕೆಲಸ ಮಾಡಲಿಲ್ಲ. ಆದರೆ ಕೇಳಿಕೊಂಡು ಬಂದಿದ್ದವರು ಕುಣಿದುಕೊಂಡು ಹೋದರು. ಸಂಜೆಯ ಹೊತ್ತಿಗೆ ಹೋಟೆಲಿನಲ್ಲೆಲ್ಲ ಅದೇ ಮಾತು. ನಮ್ಮ ಸಾಹೇಬರು ಆಫೀಸರನ ನೀರಿಳಿಸಿಬಿಟ್ಟರು. ಕೆಲಸ ಆಯಿತೋ ಇಲ್ಲವೋ ಎಂದು ಒಬ್ಬನೂ ಕೇಳಲಿಲ್ಲ.

ಶಾಸಕ ದಡ್ಡನಲ್ಲ. ಅಧಿಕಾರಿಗಳನ್ನು ಮನೆಗೆ ಕರೆಸಿ, ಕಾಫಿ ಕೊಟ್ಟು, ಒಂದು ಒಪ್ಪಂದ ಮಾಡಿಕೊಂಡ. ನಾನು ಮೆತ್ತಗೆ ಮಾತಾಡಿದರೆ ಕೆಲಸ ಮಾಡಿ. ಬೈದರೆ ಮಾಡಬೇಡಿ, ಬೈದದ್ದನ್ನು ಮನಸ್ಸಿಗೂ ಹಚ್ಚಿಕೊಳ್ಳಬೇಡಿ. ಅಧಿಕಾರಿಗಳಿಗೂ ಇದು ಹಿತವಾಗಿತ್ತು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅಂದಿನಿಂದ ಅವನು ಯಾರಿಗೂ ಇಲ್ಲ ಎನ್ನಲಿಲ್ಲ. ಬೇಕಾದವರಿಗೆ ಮೆತ್ತಗಿನ ಮಾತು, ಬೇಡದವರಿಗೆ ಬೈಗುಳ. ಬೇಡದವರೇ ಹೆಚ್ಚು ಸಂತೋಷದಿಂದ ಹೋಗುತ್ತಿದ್ದರು.

ಈ ಗುಟ್ಟು ಗೊತ್ತಿದ್ದ ಇನ್ನೊಬ್ಬನೆಂದರೆ ಫೋನು ಹಚ್ಚಿಕೊಡುತ್ತಿದ್ದ ಅವನ ಆಪ್ತ ಸಹಾಯಕ. ಅವನು ಆ ಮನೆಯ ಅನ್ನ ಉಂಡು ಬೆಳೆದವನು. ಶಾಸಕನ ಹೆಂಡತಿ ಅವನಿಗೆ ಹೊಟ್ಟೆಯ ಮಗನಿಗೆ ಬಡಿಸಿದಂತೆ ಬಡಿಸುತ್ತಿದ್ದಳು. ಅವಳಿಗೆ ಮಾತ್ರ ಗುಟ್ಟು ಗೊತ್ತಿರಲಿಲ್ಲ. ಗಂಡನ ಆರ್ಭಟ ಅಡಿಗೆಮನೆಗೆ ಕೇಳುತ್ತಿತ್ತು. ಕಾಫಿ ತಂದಿಡುವಾಗ ಅವಳು ಕೇಳುತ್ತಿದ್ದಳು.

"ಅಷ್ಟೊಂದ್ಯಾಕೆ ಬೈತೀರಿ? ಪಾಪ, ಅವ್ರಿಗೂ ಹೆಂಡ್ತಿ ಮಕ್ಕಳಿರಲ್ವ?"

ಶಾಸಕನೂ ಸಹಾಯಕನೂ ಮುಖ ಮುಖ ನೋಡಿಕೊಂಡು ನಗುತ್ತಿದ್ದರು. ಅವಳು ಆಕ್ಷೇಪಿಸಿದರೂ ಮನಸ್ಸಿನಲ್ಲಿ ಹೆಮ್ಮೆಪಡುತ್ತಿದ್ದಳು. ಬಡವರಿಗಾಗಿ ಇಷ್ಟು ಕೂಗಾಡುವ ಗಂಡ ಎಷ್ಟು ಜನಕ್ಕೆ ಸಿಗುತ್ತಾನೆ? ಆ ಹೆಮ್ಮೆ ಶಾಸಕನಿಗೆ ಕಾಣುತ್ತಿತ್ತು. ಹೊರಗಿನ ಜೈಕಾರಕ್ಕಿಂತ ಅದೇ ಅವನಿಗೆ ಹೆಚ್ಚು ಇಷ್ಟವಾಗಿತ್ತು.

ಹೀಗಿರುವಾಗ ಮಂಡಕ್ಕಿ ಮಾರುವ ಹೆಂಗಸೊಬ್ಬಳು ಬಂದಳು. ಅವಳ ಮಗಳು ದೂರದ ತಾಲ್ಲೂಕಿನಲ್ಲಿ ನರ್ಸು. ಗಂಡ ಬಿಟ್ಟುಹೋಗಿದ್ದ. ಕೂಸಿಗೆ ಉಬ್ಬಸ. ಮಗಳು ಡ್ಯೂಟಿಗೆ ಹೋದರೆ ಕೂಸನ್ನು ನೋಡುವವರಿಲ್ಲ. ಈ ಊರಿನ ಆಸ್ಪತ್ರೆಯಲ್ಲಿ ಒಂದು ಜಾಗ ಖಾಲಿ ಇದೆಯಂತೆ, ಅದನ್ನು ಕೊಡಿಸಬೇಕು. ಆ ಜಾಗವನ್ನು ಶಾಸಕ ಹಿಂದಿನ ದಿನವೇ ಒಬ್ಬ ಕಂಟ್ರಾಕ್ಟರನ ಸೊಸೆಗೆ ಮೆತ್ತಗಿನ ಮಾತಿನಲ್ಲಿ ಕೊಡಿಸಿದ್ದ. ಅವನು ಫೋನು ಎತ್ತಿಕೊಂಡ.

"ಏನ್ರೀ, ಈ ತಾಯಿ ಕಣ್ಣೀರು ಕಾಣಲ್ವ ನಿಮ್ಗೆ? ಸೋಮವಾರದೊಳ್ಗೆ ಆರ್ಡರ್ ಆಗ್ಲಿಲ್ಲ ಅಂದ್ರೆ ನಿಮ್ಮನ್ನೇ ಎತ್ತಿ ಹಾಕಿಸ್ತೀನಿ."

ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು. ಕೆಲವು ದಿನ ಬಿಟ್ಟು ಎಳ್ಳು ಹಾಕಿದ ಚಕ್ಕುಲಿ ಒಂದು ಡಬ್ಬಿ ತಂದುಕೊಟ್ಟಳು. ಕೆಲಸ ಆಗಿರಲಿಲ್ಲ. ಬೈದದ್ದಕ್ಕೆ ಚಕ್ಕುಲಿ. ಮೊದಲನೆಯ ತುಂಡು ಶಾಸಕನ ಗಂಟಲಲ್ಲಿ ನಿಂತಿತು. ನೀರು ಕುಡಿದ. ಇಳಿಯಿತು. ಮರುವರ್ಷ ಅವಳು ಮತ್ತೆ ಬಂದು ಮತ್ತೆ ಬೈಸಿದಳು, ಮತ್ತೆ ಡಬ್ಬಿ ತಂದಳು. ಆ ಸಲ ನೀರು ಬೇಕಾಗಲಿಲ್ಲ.

ಅದರ ಮುಂದಿನ ಸಲ ಅವಳು ಬರಿಗೈಯಲ್ಲಿ ಬಂದಳು. ಏನನ್ನೂ ಕೇಳಲಿಲ್ಲ.

"ಕೂಸು ಉಳೀಲಿಲ್ಲ ಅಣ್ಣ. ನೀವೇನ್ ಮಾಡಕಾಯ್ತದೆ? ನನ್ನ ಕಣ್ಣೆದುರ್ಗೇ ಅಷ್ಟು ಬೈದ್ರಿ. ಆ ಆಫೀಸರನ ಎದೆ ಕಲ್ಲು. ಈ ಸಲ ನಿಮ್ಗೇನೂ ಮಾಡ್ಕೊಂಡ್ ಬರ್ಲಿಲ್ಲ, ತಪ್ಪು ತಿಳ್ಕೋಬೇಡಿ. ಮನೇಲಿ ಸೂತಕ."

ಚಕ್ಕುಲಿ ತರದಿದ್ದಕ್ಕೆ ಅವಳು ಅವನ ಕ್ಷಮೆ ಕೇಳುತ್ತಿದ್ದಳು. ಶಾಸಕ ಎದ್ದುನಿಂತ. ನಿಜ ಹೇಳಿಬಿಡಬೇಕು ಎನಿಸಿತು. ಸುತ್ತ ಜನ ಇದ್ದರು. ಹೆಂಡತಿ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಜೋಪಾನವಾಗಿ ಹೋಗಮ್ಮ ಎಂದು ಹೇಳಿ ಕುಳಿತುಕೊಂಡ. ಅವನಿಗೆ ನಾಚಿಕೆಯಾಯಿತು. ಆ ನಾಚಿಕೆ ಮಧ್ಯಾಹ್ನದ ಊಟದವರೆಗೂ ಇತ್ತು.

ಯಾರ ಕಾಲವೂ ನಿಲ್ಲುವುದಿಲ್ಲ. ಶಾಸಕನಿಗೆ ವಯಸ್ಸಾಯಿತು. ಪಕ್ಷ ಟಿಕೆಟ್ಟನ್ನು ಅವನಿಗೆ ಕೊಡದೆ ಅವನ ಸಹಾಯಕನಿಗೆ ಕೊಟ್ಟಿತು. ಸಹಾಯಕ ಗೆದ್ದ. ಜನ ಚಪ್ಪಲಿ ಬಿಡುವ ಬಾಗಿಲನ್ನು ಬದಲಾಯಿಸಿದರು, ಅಷ್ಟೆ. ಹಳೆಯ ಶಾಸಕನಿಗೆ ಒಬ್ಬಳೇ ಮಗಳು. ಗಡಿಯ ಕಡೆಯ ಒಂದು ಶಾಲೆಯಲ್ಲಿ ಟೀಚರು. ಅಳಿಯನಿಗೂ ಅಲ್ಲೇ ಕೆಲಸವಿದ್ದುದರಿಂದ ಅಧಿಕಾರ ಇದ್ದಾಗ ಈ ಕಡೆ ಕರೆಸಿಕೊಳ್ಳುವ ಮಾತೇ ಬರಲಿಲ್ಲ. ಈಗ ಅಳಿಯ ತೀರಿಕೊಂಡ. ಅವಳು ಕೈಕೂಸನ್ನು ತರಗತಿಯ ಮೂಲೆಯಲ್ಲಿ ಮಲಗಿಸಿಕೊಂಡು ಪಾಠ ಮಾಡುತ್ತಿದ್ದಳು. ಇಲ್ಲಿ ಒಬ್ಬಳೇ ಇರಲಾರೆ ಎಂದು ದಿನವೂ ಫೋನಿನಲ್ಲಿ ಅಳುತ್ತಿದ್ದಳು. ತಾಯಿಗೆ ಅನ್ನ ಸೇರದಂತಾಯಿತು. ಊರಿನ ಶಾಲೆಯಲ್ಲಿ ಒಂದು ಜಾಗ ಖಾಲಿ ಇತ್ತು.

"ನಮ್ಮನೇಲಿ ಉಂಡ ಹುಡುಗ ಅವ್ನು. ಹೋಗಿ ಒಂದ್ ಮಾತು ಕೇಳೋಣ" ಎಂದಳು.

ಹಳೆಯ ಶಾಸಕ ಹಿಂದೆ ಮುಂದೆ ನೋಡಿದ. ಕೊನೆಗೆ ಹೊರಟ. ದಾರಿಯುದ್ದಕ್ಕೂ ಅವನು ಬೇಡಿಕೊಂಡದ್ದು ಒಂದನ್ನೇ. ಅವನು ಮೆತ್ತಗೆ ಮಾತಾಡಲಿ. ದೇವರೇ, ಅವನು ಮೆತ್ತಗೆ ಮಾತಾಡಲಿ.

ಹೊಸ ಶಾಸಕ ಇಬ್ಬರ ಕಾಲಿಗೂ ನಮಸ್ಕಾರ ಮಾಡಿದ. ತನ್ನ ಕುರ್ಚಿಯ ಪಕ್ಕದಲ್ಲೇ ಕೂರಿಸಿದ. ಕಾಫಿ ತರಿಸಿದ. ನಮ್ಮಮ್ಮ ಇವರು ಎಂದು ಅಲ್ಲಿದ್ದವರಿಗೆಲ್ಲ ಹೇಳಿದ. ಇಷ್ಟೆಲ್ಲ ನೋಡಿ ಹಳೆಯ ಶಾಸಕನಿಗೂ ಆಸೆ ಹುಟ್ಟಿತು. ಹೊಸ ಶಾಸಕ ಫೋನು ಎತ್ತಿಕೊಂಡ.

"ಏನ್ರೀ, ಈ ತಾಯಿ ಕಣ್ಣೀರು ಕಾಣಲ್ವ ನಿಮ್ಗೆ?"

ಕಿಟಕಿಯ ಗಾಜು ನಡುಗುವಂತೆ ಬೈದ. ಸೋಮವಾರದ ಗಡುವನ್ನೂ ಬಿಡಲಿಲ್ಲ. ಮುದುಕ ಅವನ ಮುಖ ನೋಡಿದ. ಅವನೂ ಮುದುಕನ ಮುಖ ನೋಡಿದ. ಕಣ್ಣು ತಗ್ಗಿಸಿದವನು ಮುದುಕನೇ. ನನಗೆ ಗೊತ್ತು ಎಂದು ಹೇಳುವಂತಿರಲಿಲ್ಲ. ಹೇಳಿದರೆ, ಹೇಗೆ ಗೊತ್ತು ಎಂದು ಪಕ್ಕದಲ್ಲಿ ಕುಳಿತವಳು ಕೇಳುತ್ತಿದ್ದಳು.

ಅವಳು ಅಳುತ್ತಿದ್ದಳು, ನಗುತ್ತಲೂ ಇದ್ದಳು. "ಅಷ್ಟೊಂದ್ಯಾಕೆ ಬೈತೀಯಪ್ಪ? ಪಾಪ, ಅವ್ರಿಗೂ ಹೆಂಡ್ತಿ ಮಕ್ಕಳಿರಲ್ವ?" ಎಂದಳು. ಹಿಂದೆ ಈ ಮಾತಿಗೆ ಇಬ್ಬರು ನಗುತ್ತಿದ್ದರು. ಈ ಸಲ ಒಬ್ಬನೇ ನಕ್ಕ.

ಹೊರಗೆ ಬಂದು ಮುದುಕ ಒಂದು ಕಾಲಿಗೆ ಚಪ್ಪಲಿ ಮೆಟ್ಟಿದ್ದ. ಕಿಟಕಿಯಿಂದ ಮತ್ತೆ ದನಿ ಕೇಳಿತು. "ಸಾರ್, ತಿಂಡಿ ಆಯ್ತಾ? ಬೇಜಾರ್ ಮಾಡ್ಕೋಬೇಡಿ. ಆ ಸ್ಕೂಲಿನ ಜಾಗಕ್ಕೆ ನಾನು ನಿನ್ನೆ ಹೇಳಿದ್ನಲ್ಲ, ಅವ್ರಿಗೇ ಆಗ್ಲಿ." ಬೆಣ್ಣೆಯಷ್ಟು ಮೆತ್ತಗಿನ ಮಾತು. ಅವನು ಇನ್ನೊಂದು ಚಪ್ಪಲಿ ಮೆಟ್ಟಿಕೊಳ್ಳಲು ಬಹಳ ಹೊತ್ತು ಹಿಡಿಯಿತು. ಹೆಂಡತಿ ಅಷ್ಟರಲ್ಲಿ ಗೇಟಿನ ಹತ್ತಿರ ಹೋಗಿದ್ದಳು. ಅವಳಿಗೆ ಕೇಳಿಸಲಿಲ್ಲ.

ಮನೆಗೆ ಬಂದವಳೇ ಮಗಳ ಕೋಣೆಯನ್ನು ಗುಡಿಸಿದಳು. ಮಂಚದ ಮೇಲಿನ ಹಳೆಯ ಸಾಮಾನು ತೆಗೆಸಿ, ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಮಗಳಿಗೆ ಫೋನು ಮಾಡಿ, ಬಟ್ಟೆ ಬರೆ ಕಟ್ಟಿಕೋ ಎಂದಳು. ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು. ಆಮೇಲೆ ಅಕ್ಕಿ ಅಳೆದುಕೊಂಡಳು.

"ಅವ್ನಿಗೊಂದ್ ಡಬ್ಬಿ ಚಕ್ಕುಲಿ ಮಾಡ್ಕೊಂಡ್ ಹೋಗೋಣ. ಜೀರಿಗೆ ಹಾಕ್ಲಾ, ಎಳ್ಳು ಹಾಕ್ಲಾ?"

ಮುದುಕ ಬಾಯಿ ತೆರೆದ. ಇದೊಂದು ನಿಜ ಹೇಳಬೇಕಾದರೆ ಎಲ್ಲ ನಿಜವನ್ನೂ ಹೇಳಬೇಕಾಗಿತ್ತು. ಅವಳು ಬಾಗಿಲಲ್ಲಿ ಕಾಫಿ ಹಿಡಿದು ನಿಂತು ಕೇಳಿದ ಒಂದೊಂದು ಬೈಗುಳದ ನಿಜವನ್ನೂ. ಆ ಮಂಡಕ್ಕಿಯವಳ ಕೂಸಿನ ನಿಜವನ್ನೂ. ಅವಳು ಮೊರ ಹಿಡಿದು ಉತ್ತರಕ್ಕೆ ಕಾಯುತ್ತಿದ್ದಳು.

"ಎಳ್ಳು ಹಾಕು" ಎಂದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಗುರುಗಳೇ, ಆ ಮಗಳಿಗೆ ಕೊನೆಗಾದರೂ ವರ್ಗಾವಣೆ ಆಯಿತೆ?"

"ತಾಯಿಯ ಮನಸ್ಸು ತಣಿದಿತ್ತಲ್ಲ, ಇನ್ನೇನು ಬೇಕು?" ಎಂದರು ಗುರುಗಳು.

ಶಿಷ್ಯ ಎದ್ದು, ಗಾರೆ ಕೆಲಸದವನು ಹೋದ ದಾರಿ ಹಿಡಿದು ಹೊರಟ.