ಆನೆಮರಿಯ ಮೊಣಕಾಲು

ಮೊಲಗಳ ಬೇಲಿ ಮುರಿದ ಆನೆಮರಿಯನ್ನು ನ್ಯಾಯಾಧೀಶ ಕರಡಿಯ ಮುಂದೆ ನಿಲ್ಲಿಸಲಾಯಿತು. ವಯಸ್ಕನೆಂದಾದರೆ ಕಾಡಿನಿಂದ ಗಡೀಪಾರು. ಮಗುವೆಂದಾದರೆ ತಾಯಿಯ ವಶಕ್ಕೆ.

"ಈ ಗಾತ್ರ ನೋಡಿ ಸ್ವಾಮಿ, ಇದು ಮಗುವೇ?" ಎಂದಿತು ವಕೀಲ ನರಿ.

"ಶಾಲೆಯ ದಾಖಲೆ ಏನನ್ನುತ್ತದೆ?"

"ಹುಟ್ಟಿದ್ದು ಜೂನ್ ಒಂದು ಅನ್ನುತ್ತದೆ. ಆದರೆ ನಮ್ಮ ಆಮೆ ಮೇಷ್ಟ್ರು ಎಲ್ಲರಿಗೂ ಅದನ್ನೇ ಬರೆದಿದ್ದಾರೆ. ನನಗೂ, ತಮಗೂ."

"ಹಾಗಾದರೆ ವಯಸ್ಸು ತಿಳಿಯಲು ಮೊಣಕಾಲಿನ ಎಕ್ಸ್‌ರೇ ತೆಗೆಸಿ."

"ಎಳೆ ಮೈಗೆ ಆ ಕಿರಣ ಬೇಡ ಸ್ವಾಮಿ," ಎಂದು ತಾಯಿ ಆನೆ ಅಂಗಲಾಚಿತು.

ಆಗ ಬಾವಲಿ ಮುಂದೆ ಬಂತು. "ಕಿರಣ ಬೇಕಿಲ್ಲಮ್ಮ, ನನ್ನ ಕೂಗು ಸಾಕು. ಮೂಳೆಗೆ ತಾಗಿ ಮರಳುವ ಸದ್ದೇ ಎಲ್ಲ ಹೇಳುತ್ತದೆ." ಮರಿಯ ಮೊಣಕಾಲಿನ ಬಳಿ ಕೂಗಿ, ಕಿವಿಗೊಟ್ಟು ಹೇಳಿತು: "ಮೂಳೆಯ ತುದಿ ಇನ್ನೂ ಕೂಡಿಕೊಂಡಿಲ್ಲ, ನಡುವೆ ಮೃದು ಎಲುಬಿದೆ. ಇದು ಬೆಳೆಯುತ್ತಿರುವ ಮಗು."

ನರಿ ತನ್ನ ಕಡತ ಮಡಚಿತು. ವಯಸ್ಸು ತಿದ್ದಿಸಿ ಎರಡು ಸಲ ನಿವೃತ್ತಿ ಮುಂದೂಡಿಸಿಕೊಂಡಿದ್ದ ಕರಡಿ ಮಾತ್ರ ತೀರ್ಪು ಹೇಳದೆ, ತನ್ನ ಮೊಣಕಾಲನ್ನು ಮೆಲ್ಲನೆ ಮೇಜಿನಡಿಗೆ ಎಳೆದುಕೊಂಡಿತು.

"ಮೂಳೆ ಕೂಡಿಕೊಂಡು ಎಷ್ಟು ವರ್ಷವಾಯಿತೆಂದೂ ಹೇಳಬಲ್ಲೆಯಾ?" ಎಂದು ಬಾವಲಿಯನ್ನು ಕೇಳಿತು.

"ಇಲ್ಲ ಸ್ವಾಮಿ. ದೊಡ್ಡವರಾಗಿದ್ದಾರೆ ಎಂದಷ್ಟೇ ಹೇಳಬಲ್ಲೆ."

"ವಿಜ್ಞಾನವೆಂದರೆ ಹೀಗಿರಬೇಕು," ಎಂದು ಕರಡಿ ಕಾಲು ಚಾಚಿ ಕುಳಿತು, ಮರಿಯನ್ನು ತಾಯಿಯೊಂದಿಗೆ ಕಳಿಸಿಕೊಟ್ಟಿತು.