ಹಗಲು ಕತೆಯ ತಿಪ್ಪಜ್ಜಿ

ಬಹಳ ಹಿಂದೆ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ. ಹೇಳಿದವರಿಗೇ ಗೊತ್ತಿಲ್ಲ.

ಊರಿನ ಹೆಸರು ಬಿಳೇಕುಂಟೆ. ಸುತ್ತ ಬಯಲು. ಗುಡ್ಡವಿಲ್ಲ, ಕಾಡಿಲ್ಲ. ಹೊಲದ ಬದುವಿನ ಮೇಲೆ ನಿಂತರೆ ಪಕ್ಕದೂರಿನ ಒಲೆಯ ಹೊಗೆ ಕಾಣುತ್ತಿತ್ತು. ಇಲ್ಲಿ ಕುರುಡನೂ ದಾರಿ ತಪ್ಪುವುದಿಲ್ಲ ಅಂತ ಜನ ನಗುತ್ತಿದ್ದರಂತೆ.

ಕಳೆ ಕೀಳುವ ಕಾಲಕ್ಕೆ ಹೆಂಗಸರೆಲ್ಲ ಹೊಲದಲ್ಲಿ. ಓಡಾಡುವ ಸಣ್ಣ ಮಕ್ಕಳು ಬೇವಿನ ಮರದಡಿ. ಮರದ ಪಕ್ಕ ಬಾವಿ. ಕಟ್ಟೆಯಿಲ್ಲದ ಬಾವಿ. ಒಂದು ವರ್ಷ ಒಂದು ಮಗು ಹೋಯಿತು. ಮರುವರ್ಷ ಇನ್ನೊಂದು ಹೋಯಿತು.

ಮಕ್ಕಳನ್ನು ನನ್ನ ಹತ್ತಿರ ಬಿಡಿ ಅಂದಳು ತಿಪ್ಪಜ್ಜಿ. ಕಾಲು ಬಾತ ಮುದುಕಿ. ಹಿಂದಿಲ್ಲ, ಮುಂದಿಲ್ಲ. ಊರಾಚೆಯ ಹಾಳು ಮಂಟಪದಲ್ಲಿ ಮಕ್ಕಳನ್ನು ಕೂರಿಸಿಕೊಂಡಳು. ಬೆಲ್ಲ ಕೊಟ್ಟಳು, ನೆಕ್ಕಿ ಓಡಿದವು. ಹೆದರಿಸಿದಳು, ನಕ್ಕು ಓಡಿದವು. ಕೊನೆಗೆ ಕತೆ ಹೇಳಿದಳು. ಕೂತವು.

ಹಗಲು ಹೊತ್ತು ಕತೆ ಹೇಳಬಾರದು. ಹೇಳಿದರೆ ನಡೆಯುವವರು ದಾರಿ ತಪ್ಪುತ್ತಾರೆ. ಅದರಲ್ಲೂ ಕತೆ ಕೇಳುವ ಮಗುವಿನ ಸೋದರಮಾವ ತಪ್ಪುತ್ತಾನೆ. ಇದು ಎಲ್ಲರೂ ಬಲ್ಲ ಮಾತು. ಊರ ಯಜಮಾನ ಚೌಡಪ್ಪ ಬಂದು ಅದನ್ನೇ ಹೇಳಿದನಂತೆ.

"ಬಾವಿ ಹತ್ರ ಐತೆ, ದಾರಿ ದೂರ ಐತೆ. ಯಾವುದಕ್ಕೆ ಹೆದರ್ಲಿ, ನೀನೇ ಹೇಳಪ್ಪ," ಅಂದಳಂತೆ ತಿಪ್ಪಜ್ಜಿ.

ಚೌಡಪ್ಪ ಬಾವಿಯ ಕಡೆ ಒಮ್ಮೆ ನೋಡಿದ. ಬಂದ ದಾರಿ ಹಿಡಿದು ಹೋದ.

ಆ ಮಕ್ಕಳಲ್ಲಿ ಬೊಮ್ಮಕ್ಕನ ಮಗಳು ಓಬಳಿಯೂ ಇದ್ದಳು. ಮೂರು ತುಂಬಿದರೂ ಅವಳಿಗೆ ಮಾತೇ ಬಂದಿರಲಿಲ್ಲ. ಇದು ಮೂಗಿ ಅಂತ ಅತ್ತೆ ದಿನಾ ಚುಚ್ಚುತ್ತಿದ್ದಳು. ಕತೆ ಕೇಳುವವರು ಹೂಂಗುಟ್ಟಬೇಕು. ಹೂಂ ಇಲ್ಲದೆ ಕತೆ ಮುಂದಕ್ಕೆ ಹೋಗುವುದಿಲ್ಲ. ಓಬಳಿಯ ಮೊದಲ ಮಾತು ಹೂಂ. ಆಮೇಲೆ ಗುಬ್ಬಿ, ಆಮೇಲೆ ರಾಜ, ಆಮೇಲೆ ಬಾಯಿ ಮುಚ್ಚಲೇ ಇಲ್ಲ. ಬೊಮ್ಮಕ್ಕನಿಗೆ ಇನ್ನೇನು ಬೇಕು. ಹಗಲೋ ಇರುಳೋ, ಕತೆ ನಡೆಯಲಿ ಅಂದುಕೊಂಡಳು.

ನಡು ಮಧ್ಯಾಹ್ನ ಮಕ್ಕಳು ಒಂದೊಂದಾಗಿ ನಿದ್ದೆ ಹೋಗುತ್ತಿದ್ದವಂತೆ. ಎಲ್ಲವೂ ಮಲಗಿದ ಮೇಲೂ ಕಂಬದ ಹಿಂದಿನಿಂದ ಹೂಂ ಅನ್ನುವುದು ಕೇಳುತ್ತಿತ್ತಂತೆ. ದಪ್ಪ ದನಿ. ತಿಪ್ಪಜ್ಜಿ ತಿರುಗಿ ನೋಡುತ್ತಿರಲಿಲ್ಲ. ಹೂಂ ಅನ್ನುವವರು ಇರುವಾಗ ಕತೆ ನಿಲ್ಲಿಸಬಾರದು. ಹೇಳುತ್ತಲೇ ಇದ್ದಳಂತೆ.

ಅದೇ ದಿನಗಳಲ್ಲಿ ಬಯಲಲ್ಲಿ ಜನ ಸುತ್ತತೊಡಗಿದರು. ಬಳೆಗಾರನೊಬ್ಬ ಊರನ್ನು ಕಣ್ಣೆದುರು ಇಟ್ಟುಕೊಂಡು ಒಂದು ಮುಳ್ಳು ಪೊದೆಯ ಸುತ್ತ ಹೊತ್ತು ಮುಳುಗುವವರೆಗೂ ನಡೆದ. ಕುಡಿದಿದ್ದಾನೆ ಅಂತ ನಕ್ಕರು. ಹೆಂಡ ಮುಟ್ಟದ ಅಯ್ಯನವರೂ ಹಾಗೇ ಸುತ್ತಿದಾಗ ಯಾರೂ ನಗಲಿಲ್ಲ.

ಆಮೇಲೆ ಪಾಲಯ್ಯನ ಸರದಿ ಬಂತು.

ಪಾಲಯ್ಯ ಬೊಮ್ಮಕ್ಕನ ತಮ್ಮ. ಬೊಮ್ಮಕ್ಕ ಮತ್ತೆ ಬಸುರಿ. ಬಾಣಂತನಕ್ಕೆ ಕರೆದೊಯ್ಯಲು ತವರಿನ ಮಾದನಹಟ್ಟಿಯಿಂದ ಹೊರಟಿದ್ದ. ಹೊಲದಲ್ಲಿದ್ದ ಹೆಂಗಸರೆಲ್ಲ ಅವನನ್ನು ಕಂಡರು. ಕೆಂಪು ರುಮಾಲು, ಹೆಗಲ ಮೇಲೆ ಬುತ್ತಿ. ಬೊಮ್ಮಕ್ಕ ಕೈ ಬೀಸಿ ಕೂಗಿದಳು. ಅವನು ನಿಂತ. ಅವಳ ಕಡೆಗೇ ನೋಡಿದ. ನಗುನಗುತ್ತಾ ಬೇರೆ ಕಡೆಗೆ ತಿರುಗಿ ನಡೆದುಬಿಟ್ಟ. ಅವಳು ಹೊಟ್ಟೆ ಹಿಡಿದುಕೊಂಡು ಓಡಿದಳು. ಬರೀ ಬಯಲು. ಅಲ್ಲಿ ಅಡಗಲು ಒಂದು ಗಿಡವಿಲ್ಲ. ಪಾಲಯ್ಯನೂ ಇಲ್ಲ.

ದಿನಗಳು ಹೋದವು. ಬೊಮ್ಮಕ್ಕ ಮಂಟಪಕ್ಕೆ ಬಂದು ಎದೆ ಬಡಿದುಕೊಂಡಳು.

"ಮಗಳನ್ನ ಬಾವಿಯಿಂದ ಕಾದೆ, ತಮ್ಮನ್ನ ಬಯಲಿಗೆ ಕೊಟ್ಟೆ! ಮುಚ್ಚು ಮುದುಕಿ ನಿನ್ನ ಬಾಯಿ!"

ಬಾಯಿ ಮುಚ್ಚಿದರೆ ಅವನು ಇರುವಲ್ಲೇ ಇರುತ್ತಾನೆ ಅಂದಳಂತೆ ತಿಪ್ಪಜ್ಜಿ. ಕತೆ ಕಳೆದವನನ್ನು ಕತೆಯೇ ತರಬೇಕು. ಕೂತುಕೋ, ನಿನ್ನ ತವರ ಹೊಸ್ತಿಲಿಂದ ಶುರುಮಾಡು ಅಂದಳಂತೆ.

ಆ ದಿನದ ಕತೆಯಲ್ಲಿ ರಾಜನಿಲ್ಲ, ರಾಣಿಯಿಲ್ಲ. ಮಾದನಹಟ್ಟಿಯ ಹೊಸ್ತಿಲು. ಹೊಸ್ತಿಲು ದಾಟಿದರೆ ಹುಣಸೆಮರ. ಹೂಂ. ಮರ ದಾಟಿದರೆ ಒಣ ಹಳ್ಳ. ಹೂಂ. ಹಳ್ಳದಾಚೆ ಸೀಳು ಬಂಡೆ. ಬೊಮ್ಮಕ್ಕ ಒಂದೊಂದೇ ನೆನೆದು ಹೇಳಿದಳು. ತಿಪ್ಪಜ್ಜಿ ಒಂದೊಂದೇ ಕತೆಗೆ ಸೇರಿಸಿದಳು. ಊರು ಹತ್ತಿರವಾದಂತೆ ಮಕ್ಕಳೂ ಬಾಯಿ ಹಾಕಿದವು.

"ಅಲ್ಲಿ ಕಚ್ಚೋ ನಾಯಿ ಐತಜ್ಜಿ!"

"ಬರ್ಲಿ, ಅದೂ ಬರ್ಲಿ. ನಾಯಿ ದಾಟಿದ್ರೆ?"

"ನಮ್ಮ ತಿಪ್ಪೆ!"

"ತಿಪ್ಪೆ ದಾಟಿದ್ರೆ?"

ಆಗ ಬಯಲಿನಿಂದ ಹೂಂ ಕೇಳಿತು. ಬೊಮ್ಮಕ್ಕ ತಟ್ಟನೆ ಎದ್ದಳು. ಅದು ಪಾಲಯ್ಯನ ದನಿ. ಅವಳು ದಾರಿಯ ಕೊನೆಯನ್ನು ಅಳುತ್ತಲೇ ಹೇಳಿ ಮುಗಿಸಿದಳು. ಅವನು ಮಂಟಪದ ಮೆಟ್ಟಿಲು ಹತ್ತಿ ಬಂದ. ಏನಕ್ಕಾ ಅಳ್ತಿದ್ದೀಯಾ, ಬೆಳಿಗ್ಗೆ ತಾನೇ ಹೊರಟೆ ಅಂದ. ಅವನು ತಂದ ವೀಳ್ಯದೆಲೆಯ ಮೇಲೆ ನೀರಿನ ಹನಿ ಇನ್ನೂ ಆರಿರಲಿಲ್ಲ ಅಂತಾರೆ.

ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಪಾಲಯ್ಯ ಬಂದು ಕೂತ ಮೇಲೂ ಬಯಲಿನ ಹೂಂ ನಿಲ್ಲಲಿಲ್ಲ.

ಒಂದು ದನಿಯಲ್ಲ. ಹಲವು. ಅಜ್ಜನ ಅಜ್ಜಂದಿರ ಕಾಲದಿಂದ ದಾರಿ ತಪ್ಪಿದವರೆಲ್ಲ ಆ ಕತೆ ಹಿಡಿದು ಬಂದರು ಅಂತಾರೆ. ದೊಡ್ಡವರ ಕಣ್ಣಿಗೆ ಯಾರೂ ಕಾಣಲಿಲ್ಲ. ಬೊಮ್ಮಕ್ಕ ಕಂಡದ್ದು ಇಷ್ಟೇ: ಮಕ್ಕಳು ತಾವಾಗಿ ಸರಿದು, ನಡುನಡುವೆ ಜಾಗ ಬಿಟ್ಟು ಕೂತವು. ಯಾವ ಮಗುವೂ ಹೆದರಲಿಲ್ಲ. ಅದನ್ನು ನೋಡಿಯೇ ಅವಳಿಗೆ ಹೆದರಿಕೆಯಾಯಿತು.

ಅಂದಿನಿಂದ ಮಕ್ಕಳ ಮಾತು ಬದಲಾಯಿತು. ಓಬಳಿ ಊಟಕ್ಕೆ ಕೂತು ಯಾರೂ ಕೇಳದ ಕಾಳಿನ ಹೆಸರು ಹೇಳಿ ಅದರ ರೊಟ್ಟಿ ಬೇಕು ಅನ್ನುತ್ತಿದ್ದಳು. ಭೂಮಿಯ ಮೇಲೆ ಎಲ್ಲೂ ಇಲ್ಲದ ಊರಿನ ಹೆಸರು ಹೇಳಿ ಮನೆಗೆ ಹೋಗೋಣ ಅಂತ ಅಳುತ್ತಿದ್ದಳು.

"ಇದೇ ನಿನ್ನ ಮನೆ ಕಣವ್ವ," ಅಂದರೆ ತಾಯಿಯ ಮುಖವನ್ನೇ ನೋಡುತ್ತಿದ್ದಳು. ಗುರುತಿಲ್ಲದವರನ್ನು ನೋಡುವ ಹಾಗೆ.

ಬೊಮ್ಮಕ್ಕ ತವರಿಗೆ ಹೊರಡಲಿಲ್ಲ, ಮತ್ತೆ ಮಂಟಪಕ್ಕೆ ಹೋದಳು. ಈ ಸಲ ಬಯ್ಯಲಿಲ್ಲ. ತಿಪ್ಪಜ್ಜಿಯ ಕಾಲ ಬಳಿ ಕೂತಳು. ಅಜ್ಜೀ, ಇವರನ್ನು ಕಳಿಸು, ನನ್ನ ಮಗಳು ಕೈ ತಪ್ಪುತ್ತಿದ್ದಾಳೆ ಅಂದಳು.

ಕಳಿಸಲು ಅವರ ಊರಿನ ದಾರಿ ಹೇಳಬೇಕು. ಆ ಊರುಗಳು ಹಾಳಾಗಿ ಎಷ್ಟು ಕಾಲವಾಯಿತೋ. ಆ ದಾರಿ ಬಲ್ಲವರು ಯಾರಿದ್ದಾರೆ? ತಿಪ್ಪಜ್ಜಿ ಬಹಳ ಹೊತ್ತು ತನ್ನ ಬಾತ ಕಾಲನ್ನು ನೀವಿಕೊಂಡಳಂತೆ. ಗೊತ್ತಿಲ್ಲದ ದಾರಿಯನ್ನು ಕೂತು ಹೇಳಲಾಗದು, ನಡೆದೇ ಹೇಳಬೇಕು ಅಂದಳಂತೆ. ನಾಳೆಯಿಂದ ಮಕ್ಕಳನ್ನು ನೀನು ನೋಡಿಕೋ ಅಂದಳಂತೆ.

ಮರುದಿನ ಹೊತ್ತು ನೆತ್ತಿಗೇರಿದಾಗ ಕೋಲು ಹಿಡಿದು ಎದ್ದಳು. ಮೆಟ್ಟಿಲಿಳಿದಳು. ಮೆಟ್ಟಿಲು ದಾಟಿದರೆ ಕರಿಕಲ್ಲು ಅಂದಳು. ಹೂಂ. ಕರಿಕಲ್ಲು ದಾಟಿದರೆ ಹುತ್ತ ಅಂದಳು. ಹೂಂ. ಕಂಡದ್ದನ್ನು ಹೇಳುತ್ತಾ ನಡೆದಳು. ಮಕ್ಕಳು ಎದ್ದು ಹಿಂದೆ ಹೊರಟವು. ಬೊಮ್ಮಕ್ಕ ಮಗಳನ್ನು ಎದೆಗೆ ಅವುಚಿಕೊಂಡು ಉಳಿದವನ್ನು ಸೆರಗಿನಿಂದ ತಡೆದಳು. ಓಬಳಿ ಕೈ ಕಚ್ಚಿದಳು. ತಾಯಿ ಬಿಡಲಿಲ್ಲ.

ಹೊಲದ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಕುಂಟುತ್ತಾ ಹೋಗುವ ಒಬ್ಬ ಮುದುಕಿ. ಅವಳ ಹಿಂದೆ ಒಂದು ದನದ ಮಂದೆ ನಡೆದಷ್ಟು ದೂಳು. ದೂಳಿನಲ್ಲಿ ಯಾರೂ ಇಲ್ಲ. ಹೇಳುವ ದನಿ ಬಹಳ ಹೊತ್ತು ಕೇಳಿತು. ಆಮೇಲೆ ಬರೀ ಹೂಂ ಕೇಳಿತು. ಆಮೇಲೆ ಅದೂ ಇಲ್ಲ.

"ಅವ್ವಾ, ಹಸಿವು," ಅಂದಳು ಓಬಳಿ.

ತಿಪ್ಪಜ್ಜಿ ತಿರುಗಿ ಬರಲಿಲ್ಲ. ಬೊಮ್ಮಕ್ಕ ಮಕ್ಕಳನ್ನು ಕೂರಿಸಿಕೊಂಡು ಅಜ್ಜಿ ಕೇಳಿಸಿಕೊಂಡು ಬರಲಿ ಅಂತ ಮಧ್ಯಾಹ್ನ ಮಧ್ಯಾಹ್ನ ಊರಿನ ದಾರಿಯ ಕತೆ ಹೇಳಿದಳು. ಎಷ್ಟೋ ಮಳೆಗಾಲ ಹೇಳಿದಳು. ಬಯಲಿನಿಂದ ಉತ್ತರ ಬರಲಿಲ್ಲ. ಆದರೆ ಆ ಬಯಲಲ್ಲಿ ಮತ್ತೆ ಯಾರೂ ದಾರಿ ತಪ್ಪಲಿಲ್ಲ ಅಂತಾರೆ.

ಈಗ ಆ ಊರಲ್ಲಿ ಅಂಗನವಾಡಿ ಇದೆ, ಸ್ಕೂಲಿದೆ. ಆದರೂ ಬಿಳೇಕುಂಟೆಯಲ್ಲಿ ಮಗುವಿಗೆ ಅಕ್ಷರಾಭ್ಯಾಸ ಮಾಡಿಸುವಾಗ ಮೊದಲು ಅಕ್ಷರ ಬರೆಸುವುದಿಲ್ಲ. ತಟ್ಟೆಯಲ್ಲಿ ರಾಗಿ ಹಿಟ್ಟು ಹರಡಿ, ಮಗುವಿನ ಬೆರಳು ಹಿಡಿದು, ಮೊದಲು ಒಂದು ಗೆರೆ ಎಳೆಸುತ್ತಾರೆ. ಮನೆಯ ಹೊಸ್ತಿಲಿಂದ ಹೊರಟ ದಾರಿ ಅದು. ಏನು ದಾಟಿದರೆ ಏನು ಬರುತ್ತದೆ ಅಂತ ಮಗು ಬಾಯಲ್ಲಿ ಹೇಳಬೇಕು, ಕೂತವರು ಹೂಂಗುಟ್ಟಬೇಕು. ಗೆರೆಯ ಪಕ್ಕದಲ್ಲಿ ಆಮೇಲೆ ಅ ಬರೆಸುತ್ತಾರೆ. ತಿಪ್ಪಜ್ಜಿಗೆ ದಾರಿ ಸಿಗಲಿ ಅಂತ ತಟ್ಟೆಯನ್ನು ಒಯ್ದು ಬಯಲ ಅಂಚಿನಲ್ಲಿಟ್ಟು ಬರುತ್ತಾರೆ.

ಸಂಜೆ ಹೋಗಿ ನೋಡಿದರೆ ಅಕ್ಷರ ಬರೆದ ಹಾಗೇ ಇರುತ್ತದೆ ಅಂತಾರೆ. ಗೆರೆ ಇರುವುದಿಲ್ಲ.