ರೂತವ್ವನವರ ಕೊಟ್ಟಿಗೆಯಲ್ಲಿ ಪಂಡಿತರು

ಗದಗಿನ ಆಚೆ, ಎರೆಹೊಲಗಳ ನಡುವೆ ಹೊಂಬಳಗುಂಡಿ ಎಂಬ ಸಣ್ಣ ಊರು. ಆ ಊರಿನ ಅಂಚಿನಲ್ಲಿ, ಮಣ್ಣಿನ ಮಾಳಿಗೆಯ ಮೂರಂಕಣದ ಮನೆಯಲ್ಲಿ ಪೂಜ್ಯ ರೂತವ್ವನವರು ಮೂವತ್ತು ವರ್ಷ ಬಾಳಿದರು. ದಿಕ್ಕಿಲ್ಲದ ಹೆಣ್ಣುಮಕ್ಕಳಿಗೆ ಅದೇ ತವರುಮನೆ. ಹನ್ನೊಂದು ಆಡು, ಒಂದು ಕೈಮಗ್ಗ, ಗೋಡೆಯ ಮೇಲೊಂದು ಮರದ ಶಿಲುಬೆ, ಆಸ್ತಿಯೆಂದರೆ ಇಷ್ಟೇ. ಅವರು ಅಕ್ಷರ ಕಲಿತದ್ದು ನಲವತ್ತು ದಾಟಿದ ಮೇಲೆ; ಓದಿದ್ದು ಸತ್ಯವೇದವೊಂದನ್ನೇ. ಆದರೂ ಜನ ದೂರದೂರದಿಂದ ಬುದ್ಧಿಮಾತು ಕೇಳಲು ಬರುತ್ತಿದ್ದರು. ಬಂದವರಿಗೆ ಅವರು ಹೆಚ್ಚಾಗಿ ಹೇಳುತ್ತಿದ್ದ ಮಾತು "ನನಗ ಗೊತ್ತಿಲ್ರಿ" ಎಂಬುದು. ಅದನ್ನು ಎಂಥ ಸಂತೋಷದಿಂದ ಹೇಳುತ್ತಿದ್ದರೆಂದರೆ, ಕೇಳಿದವರ ಎದೆಯ ಭಾರ ಅಲ್ಲಿಗೇ ಅರ್ಧ ಇಳಿಯುತ್ತಿತ್ತು.

ಒಂದು ಜನವರಿಯ ಮುಂಜಾನೆ ಪಂಡಿತ ತಿಮೊಥೇಯಪ್ಪ ಬೆಂಡಿಗೇರಿಯವರು ಆ ಊರಿಗೆ ಬಂದಿಳಿದರು. ಸತ್ಯವೇದದ ಮೂಲಭಾಷೆಗಳಾದ ಇಬ್ರಿಯ, ಗ್ರೀಕ್‌ಗಳಲ್ಲಿ ಪಾರಂಗತರು. ದೇವಜ್ಞಾನ ಶಾಲೆಯಲ್ಲಿ ಬೋಧಕರು. ಅದೇ ಸತ್ಯವೇದದಲ್ಲಿ ಬರುವ ನೀತಿವಂತನಾದ ಯೋಬನಿಗೆ ಅಷ್ಟು ಕಷ್ಟ ಯಾಕೆ ಬಂತು ಎಂಬುದರ ಮೇಲೆ ಆರುನೂರು ಪುಟ ಬರೆದವರು. ಅವರ ತಮ್ಮ ಸೀಲಾಸನು ಬಾವಿಯ ಹೂಳು ತೆಗೆಯುವಾಗ ಮಣ್ಣು ಕುಸಿದು ತೀರಿಕೊಂಡಿದ್ದನು. ಸಮಾಧಿಯ ಬಳಿ ಪಂಡಿತರು ಒಂದೂವರೆ ತಾಸು ಉಪದೇಶ ಮಾಡಿ, ದೇವರು ದುಃಖವನ್ನು ಕಳಿಸುವುದಕ್ಕೆ ಏಳು ಕಾರಣಗಳನ್ನು ವಿವರಿಸಿದರು. ಬಿಸಿಲಿನಲ್ಲಿ ನಿಂತು ಏಳನ್ನೂ ಕೇಳಿದ ಸೀಲಾಸನ ಹೆಂಡತಿ ಲೀದಿಯಾ ಆ ದಿನದಿಂದ ಭಾವನೊಡನೆ ಮಾತು ಬಿಟ್ಟಳು. ಒಂದು ವಾರದಲ್ಲಿ ಮನೆಯನ್ನೂ ಬಿಟ್ಟು ರೂತವ್ವನವರಲ್ಲಿಗೆ ಬಂದು ಆಡು ಕಾಯತೊಡಗಿದಳು.

ಪಂಡಿತರಿಗೆ ಇದು ಮುಳ್ಳಿನಂತೆ ಚುಚ್ಚುತ್ತಿತ್ತು. ಕಾರಣಗಳಲ್ಲಿಯೇ ಏನೋ ಕೊರತೆಯಿರಬೇಕೆಂದು ಅವರು ಬಗೆದರು. ವರ್ಷವಿಡೀ ಗ್ರಂಥಗಳನ್ನು ಜಾಲಾಡಿ ಎಂಟನೆಯದೊಂದನ್ನು ಸಿದ್ಧಪಡಿಸಿದ್ದರು. ಅದನ್ನು ಲೀದಿಯಾಳಿಗೆ ತಿಳಿಸಿ, ಅವಳನ್ನು ಮನೆಗೆ ಕರೆದೊಯ್ಯಬೇಕೆಂದೇ ಬಂದಿದ್ದರು.

ರೂತವ್ವನವರು ಕೊಟ್ಟಿಗೆಯಲ್ಲಿ ಗೋಣಿತಟ್ಟಿನ ಮೇಲೆ ಕುಳಿತಿದ್ದರು. ಎದುರಿಗೆ ಕರಿ ಆಡೊಂದು ನರಳುತ್ತಾ ಮಲಗಿತ್ತು. ಅದರ ಹಿಂದೆ ಲೀದಿಯಾ, ರವಿಕೆಯ ತೋಳು ಮೇಲೇರಿಸಿ ಕಾದಿದ್ದಳು. ಭಾವನನ್ನು ಕಂಡು ಸೆರಗು ಎಳೆದುಕೊಂಡು ಮುಖ ತಿರುಗಿಸಿದಳು.

"ಬರ್ರಿ ಪಂಡಿತರ, ಛಲೋ ಹೊತ್ತಿಗೆ ಬಂದ್ರಿ," ಎಂದರು ರೂತವ್ವನವರು. "ನನ್ನ ಮೊಣಕಾಲು ಹಿಡಕೊಂಡಾವ. ನೀವು ಈ ಆಡಿನ ತಲಿ ಹಿಡೀರಿ."

"ನಾನು ಲೀದಿಯಾಳ ಜೊತೆ ಮಾತಾಡಲಿಕ್ಕೆ..."

"ಮಾತಾಡೂಣಂತ. ಮೊದಲ ಇದು ಈಯ್ಲಿ."

ಪಂಡಿತರು ಬಿಳಿ ಧೋತರವನ್ನು ಎತ್ತಿ ಕಟ್ಟಿ, ಹಿಕ್ಕೆಯ ನಡುವೆ ಮಂಡಿಯೂರಿ ಆಡಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು. ಸ್ವಲ್ಪ ಹೊತ್ತಾದ ಮೇಲೆ, "ಯಾವಾಗ ಈಯುತ್ತದೆ ಅವ್ವಾರ?" ಎಂದು ಕೇಳಿದರು.

"ನನಗ ಗೊತ್ತಿಲ್ರಿ," ಎಂದು ಅವರು ನಕ್ಕರು. "ಯೋಬನ್ನೂ ದೇವರು ಇದನ್ನ ಕೇಳಿದ್ನಲ್ಲರಿ? ಬೆಟ್ಟದ ಮ್ಯಾಲಿನ ಆಡು ಯಾವಾಗ ಈಯ್ತಾವ, ನಿನಗ ಗೊತ್ತದ ಏನು ಅಂತ. ಆ ಮಾತಿಗೆ ನೀವು ಏನು ಬರದೀರಿ?"

ಪಂಡಿತರ ಕಿವಿ ಕೆಂಪಾಯಿತು. ಆ ವಾಕ್ಯದ ಮೇಲೆ ಅವರು ಒಂಬತ್ತು ಪುಟ ಬರೆದಿದ್ದರು. ಆ ಆಡಿಗೆ ಇಬ್ರಿಯದಲ್ಲಿ ಏನೆನ್ನುತ್ತಾರೆ, ಆ ಶಬ್ದದ ಧಾತು ಯಾವುದು, ಎಲ್ಲವೂ ಬಾಯಿಪಾಠವಿತ್ತು. ಆದರೆ ಅರವತ್ತೊಂದು ವರ್ಷದಲ್ಲಿ ಒಂದು ಆಡು ಈಯುವುದನ್ನು ಅವರು ಕಂಡಿರಲಿಲ್ಲ.

ಅಷ್ಟರಲ್ಲಿ ಆಡು ಜೋರಾಗಿ ಕೂಗಿ ಒದೆಯಿತು. "ಮರಿದು ಒಂದು ಕಾಲು ಮಡಿಚೇತಿ ಅವ್ವಾ," ಎಂದಳು ಲೀದಿಯಾ. ಎಣ್ಣೆ ಹಚ್ಚಿದ ಕೈಯನ್ನು ಮೆಲ್ಲನೆ ಒಳಗೆ ಸರಿಸಿದಳು. ಪಂಡಿತರು ಕಣ್ಣು ಮುಚ್ಚಿಕೊಂಡು ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು.

"ಭಾವಾರ, ಪ್ರಾರ್ಥನಾ ಮನಸಿನ್ಯಾಗ ಮಾಡ್ರಿ! ತಲಿ ಬಿಗಿ ಹಿಡೀರಿ!"

ಹದಿನಾಲ್ಕು ತಿಂಗಳ ಬಳಿಕ ಅವಳು ಅವರಿಗೆ ಆಡಿದ ಮೊದಲ ಮಾತು ಅದು. ಪಂಡಿತರು ಬಾಯಿ ಮುಚ್ಚಿ ಬಿಗಿಯಾಗಿ ಹಿಡಿದರು. ಮಡಿಸಿದ ಕಾಲು ಸರಿಹೋಯಿತು. ಒದ್ದೆಯಾದ ಕರಿಮರಿ ಜಾರಿ ಬಂತು. ಅದರ ಹಿಂದೆಯೇ, ಯಾರೂ ಎಣಿಸದ ಇನ್ನೊಂದು ಬಿಳಿ ಮರಿ! ಲೀದಿಯಾ ಅದನ್ನೆತ್ತಿ ಪಂಡಿತರ ಮಡಿಲಿಗೆ ಹಾಕಿ, ಮೂಗು ಒರೆಸಲು ಹೇಳಿದಳು. ಅವರು ಅವಸರದಲ್ಲಿ ಹೆಗಲ ಮೇಲಿನ ಜರತಾರಿ ಶಾಲಿನಿಂದಲೇ ಒರೆಸಿದರು. ಮರಿ ಸೀನಿತು. ರೂತವ್ವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಲೀದಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅವಳು ಬಿಸಿನೀರು ತರಲು ಒಳಗೆ ಹೋದಾಗ ಪಂಡಿತರು ಮೆಲ್ಲನೆ ಕೇಳಿದರು: "ಅವ್ವಾರ, ಅವಳು ನಿಮ್ಮಲ್ಲಿಗೆ ಬಂದಾಗ ಏನು ಹೇಳಿ ಸಮಾಧಾನ ಮಾಡಿದಿರಿ?"

"ಏನೂ ಹೇಳಿಲ್ರಿ. ಆಕಿ ಅತ್ತಳು, ನಾನೂ ಅತ್ತೆ. ಸಂಜೀಕ ಹಸಿವಾತು, ಇಬ್ಬರೂ ರೊಟ್ಟಿ ಉಂಡಿವಿ."

"ಕಾರಣ ಕೇಳಲಿಲ್ಲವೇ?"

"ಕೇಳಿದಳು. ದೇವರಿಗೆ ಗೊತ್ತದ, ನನಗ ಗೊತ್ತಿಲ್ಲ ಅಂದೆ." ಆಮೇಲೆ ಪಂಡಿತರ ಮುಖವನ್ನು ಬಲು ಪ್ರೀತಿಯಿಂದ ನೋಡಿ ಹೇಳಿದರು: "ಯೋಬನ ಗೆಳೆಯಾರು ಏಳು ದಿನ ಅವನ ಕೂಡ ನೆಲದ ಮ್ಯಾಲೆ ಸುಮ್ಮನ ಕುಂತಿದ್ರಲ್ಲರಿ. ಅಲ್ಲೀತನಕಾ ಅವರು ಛಲೋ ಮಂದಿನ. ಬಾಯಿ ತಗದು ಕಾರಣಾ ಹೇಳಿದ ಮ್ಯಾಲೆ ಕೆಟ್ಟರು."

ಆರುನೂರು ಪುಟ ಬರೆದ ಪಂಡಿತರು, ತಾವು ಯೋಬನ ಪಕ್ಕದಲ್ಲಿ ಕುಳಿತಿಲ್ಲ, ಆ ಗೆಳೆಯರ ಸಾಲಿನಲ್ಲಿ ನಿಂತಿದ್ದೇವೆ ಎಂದು ಅದೇ ಮೊದಲು ಕಂಡರು. ಮಡಿಲಲ್ಲಿ ಬಿಳಿ ಮರಿ ನಡುಗುತ್ತಿತ್ತು. ಸೀಲಾಸನನ್ನು ಚಿಕ್ಕಂದಿನಲ್ಲಿ ಹೀಗೆಯೇ ಎತ್ತಿಕೊಂಡು ತಿರುಗಿದ್ದು ಅವರಿಗೆ ನೆನಪಾಯಿತು.

ಲೀದಿಯಾ ನೀರು ತಂದಾಗ ಅವರು ಹೇಳಿದರು: "ಯವ್ವಾ, ಅವ ಯಾಕ ಹೋದ ಅಂತ ನನಗ ಗೊತ್ತಿಲ್ಲ. ಗೊತ್ತದ ಅಂತ ಅಂದು ತಪ್ಪು ಮಾಡಿದೆ." ಶಾಲೆಯ ಮಾತು ಮರೆತು ಮನೆಯ ಮಾತು ಬಂದಿತ್ತು. ಸಮಾಧಿಯ ಬಳಿ ಅಳದ ಅಳುವನ್ನು ಅಲ್ಲಿ ಅತ್ತರು. ಲೀದಿಯಾ ನೀರಿನ ತಂಬಿಗೆಯನ್ನು ಕೆಳಗಿಟ್ಟು ಅವರ ಪಕ್ಕದಲ್ಲಿ ಕುಳಿತಳು. ಬಹಳ ಹೊತ್ತು ಮೂವರೂ ಹಾಗೆಯೇ ಇದ್ದರು. ತಾಯಿ ಆಡು ಮರಿಗಳನ್ನು ನೆಕ್ಕುತ್ತಿತ್ತು.

ಕೊನೆಗೆ ಲೀದಿಯಾ, "ಏಳ್ರಿ ಭಾವಾರ, ಕೈ ತೊಳಕೊಳ್ರಿ. ನಾಳೆ ಗಿಣ್ಣ ಮಾಡ್ತೀನಿ, ತಿಂದ ಹೋಗ್ರಿ," ಎಂದಳು.

ಎಂಟನೆಯ ಕಾರಣವನ್ನು ಅವಳು ಕೇಳಲಿಲ್ಲ, ಅವರೂ ಹೇಳಲಿಲ್ಲ. ಗಿಣ್ಣಕ್ಕೆಂದು ನಿಂತವರು ಒಂಬತ್ತು ದಿನ ನಿಂತರು. ಲೀದಿಯಾ ಊರಿಗೆ ಮರಳಲಿಲ್ಲ. ಆದರೆ ಅಂದಿನಿಂದ ಪ್ರತಿ ಹಬ್ಬಕ್ಕೆ ಭಾವನ ಮನೆಗೆ ಬಂದು ಹೋಗತೊಡಗಿದಳು.

ಪಂಡಿತರು ಪಾಠ ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. ಆದರೆ ಆ ವರ್ಷದ ಮಳೆಗಾಲದಲ್ಲಿ ಬೆಟಗೇರಿಯ ನೇಕಾರ ಮುದುಕಿ ದೀನವ್ವನ ಗಂಡ ತೀರಿಕೊಂಡಾಗ ನೆರೆಯವರು ಒಂದು ಸೋಜಿಗ ಕಂಡರು. ಪಂಡಿತರು ಮುಂಜಾನೆ ಬಂದವರು ಅವಳ ಪಕ್ಕದಲ್ಲಿ ನೆಲದ ಮೇಲೆ ಕುಳಿತರು, ಸಂಜೆಗೆ ಎದ್ದು ಹೋದರು. ಅಂಥ ವಿದ್ವಾಂಸರ ಬಾಯಿಂದ ಬಂದ ಮಾತನ್ನು ತಿಳಿಯುವ ಆಸೆಯಿಂದ ಪಕ್ಕದ ಮನೆಯವರು ಓಡಿಬಂದು, "ಪಂಡಿತರು ಏನು ಹೇಳಿದರಬೇ?" ಎಂದು ಕೇಳಿದರು.

"ಏನೂ ಹೇಳ್ಲಿಲ್ಲಪ್ಪಾ," ಎಂದಳು ದೀನವ್ವ. "ಭಾಳ ಸಮಾಧಾನ ಆತು."